ರಾತ್ರಿಯ ಲೆಕ್ಕ ಯಾವ ಮೇಯರ್ ಹೆಸರಿಗೆ?

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಮಾಜಿ ಮೇಯರ್‌ಗಳ ಗುಣಾವಗುಣ ಚರ್ಚೆಗೆ ಬರಲು ದೊಡ್ಡ ಕಾರಣವೇನೂ ಬೇಕಿಲ್ಲ. ರಾತ್ರಿ ಒಂಬತ್ತರ ಮೇಲೆ ಅರಸು ರಸ್ತೆಯ ಬಟ್ಟೆ ಅಂಗಡಿಗಳು ಒಂದೊಂದಾಗಿ ಷಟರ್ ಎಳೆಯತೊಡಗಿದರೆ ಸಾಕು. "ಅವರ ಕಾಲ್ದಲ್ಲಿ ಹಿಂಗಿರ್ಲಿಲ್ಲ ಬಿಡಿ ಸಾರ್, ಹನ್ನೊಂದಾದ್ರೂ ಜನ ಓಡಾಡೋರು" ಎಂದು ಒಬ್ಬರು ಶುರುಮಾಡುತ್ತಾರೆ. "ಗಾಡಿಗಳನ್ನೆಲ್ಲ ಎತ್ತಿಸಿದ್ದು ಅವರೇ ಅಲ್ವೇ?" ಎಂದು ಇನ್ನೊಬ್ಬರು ಎದುರಾಡುತ್ತಾರೆ. ಇಬ್ಬರ ಬಾಯಲ್ಲೂ ಇರುವುದು ಒಂದೇ ಹೆಸರು. ಒಬ್ಬರ ಪ್ರಕಾರ ಆ ಮೇಯರ್ ಊರನ್ನು ಎಬ್ಬಿಸಿದರು, ಇನ್ನೊಬ್ಬರ ಪ್ರಕಾರ ಮಲಗಿಸಿದರು. ಕಾಫಿ ಮುಗಿಯುವ ಹೊತ್ತಿಗೆ ಮಾತು ಪಕ್ಷದ ಕಡೆಗೋ ಜಾತಿಯ ಕಡೆಗೋ ಹೊರಳಿಕೊಂಡು, ರಾತ್ರಿಯ ವಿಷಯ ಅಲ್ಲೇ ಬಿದ್ದಿರುತ್ತದೆ.

ಆ ಹೆಸರು ಯಾರದೆಂಬುದು ಇಲ್ಲಿ ಮುಖ್ಯವಲ್ಲ. ಮೈಸೂರಿನಲ್ಲಿ ಮಾಜಿ ಮೇಯರ್‌ಗಳಿಗೆ ಬರವಿಲ್ಲ. ದೊಡ್ಡ ಮದುವೆಯೊಂದಕ್ಕೆ ಹೋದರೆ ಮುಂದಿನ ಸಾಲಿನಲ್ಲಿ ಇಬ್ಬರು ಮೂವರಾದರೂ ಕೂತಿರುತ್ತಾರೆ. ಇದಕ್ಕೆ ಕಾರಣ ಕಾನೂನಿನಲ್ಲೇ ಇದೆ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಮೇಯರ್‌ಗೆ ಕೊಟ್ಟದ್ದು ಒಂದು ವರ್ಷದ ಅವಧಿ. ಜನ ನೇರವಾಗಿ ಆರಿಸುವಂತೆಯೂ ಇಲ್ಲ. 65 ವಾರ್ಡುಗಳ ಸದಸ್ಯರು, ಅವರ ಜೊತೆಗೆ ಶಾಸಕರು, ಸಂಸದರು ಕೂತು ಆರಿಸುತ್ತಾರೆ. ಮೀಸಲಾತಿ ಪಟ್ಟಿಯ ಮೇಲೆ ಒಂದಷ್ಟು ತಿಕ್ಕಾಟ, ಪಕ್ಷಗಳ ನಡುವೆ ಒಂದಷ್ಟು ಒಪ್ಪಂದ, ಆಮೇಲೆ ಗೌನು, ಹಾರ, ಸನ್ಮಾನ. ದಸರಾ ಬಂತೆಂದರೆ ಜಂಬೂಸವಾರಿಯಲ್ಲಿ ಕುದುರೆ ಏರುವುದಕ್ಕೆ ಮೇಯರ್ ಸವಾರಿ ಕಲಿಯಬೇಕು. ಕುದುರೆಯೂ ಮೇಯರೂ ಒಬ್ಬರಿಗೊಬ್ಬರು ಒಗ್ಗಿಕೊಳ್ಳುವಷ್ಟರಲ್ಲಿ ಅವಧಿ ಮುಗಿಯುವ ಹಂತಕ್ಕೆ ಬಂದಿರುತ್ತದೆ.

ಇಷ್ಟು ಪುಟ್ಟ ಅವಧಿಯ ಮನುಷ್ಯನ ತಲೆಗೆ ಒಂದು ಊರಿನ ರಾತ್ರಿಯನ್ನು ಕಟ್ಟುವುದು ನ್ಯಾಯವೇ? ನನ್ನ ತಕರಾರು ಇರುವುದು ಅಲ್ಲಿ. ಮೇಯರ್‌ಗಳನ್ನು ಹೊಗಳಬಾರದು ತೆಗಳಬಾರದು ಅಂತಲ್ಲ. ಅವರ ಕೈಯಲ್ಲಿಲ್ಲದ ಗಡಿಯಾರಕ್ಕೆ ಅವರನ್ನು ಬೈಯುತ್ತಿದ್ದೇವೆ, ಅವರ ಕೈಯಲ್ಲೇ ಇದ್ದ ಕೆಲಸವನ್ನು ಕೇಳಲು ಮರೆತಿದ್ದೇವೆ.

2018ರ ಆಗಸ್ಟ್ ಕೊನೆಯಲ್ಲಿ ಚುನಾವಣೆ ನಡೆದು ಬಂದ ಪಾಲಿಕೆಯನ್ನೇ ನೋಡಿ. ಆ ಐದು ವರ್ಷದಲ್ಲಿ ಪುಷ್ಪಲತಾ ಜಗನ್ನಾಥ್, ತಸ್ನೀಂ, ರುಕ್ಮಿಣಿ ಮಾದೇಗೌಡ, ಸುನಂದಾ ಪಾಲನೇತ್ರ, ಶಿವಕುಮಾರ್ ಹೀಗೆ ಐವರು ಮೇಯರ್ ಆದರು. ನಡುವೆ ಕೆಲವು ತಿಂಗಳು ಉಪಮೇಯರ್ ಅವರದೇ ಪ್ರಭಾರ. ತಸ್ನೀಂ ಆಯ್ಕೆಯಾದದ್ದು 2020ರ ಜನವರಿ 18ರಂದು. ಈ ಊರಿನ ಮೊದಲ ಮುಸ್ಲಿಂ ಮಹಿಳಾ ಮೇಯರ್ ಎಂದು ಪತ್ರಿಕೆಗಳೆಲ್ಲ ಬರೆದವು. ಎರಡು ತಿಂಗಳು ಕಳೆಯುತ್ತಿದ್ದಂತೆ ಕೋವಿಡ್‌ನಿಂದ ದೇಶಕ್ಕೇ ಬೀಗ ಬಿತ್ತು. ಸಂಜೆಯಾದರೆ ಸಯ್ಯಾಜಿರಾವ್ ರಸ್ತೆಯಲ್ಲಿ ನಾಯಿಗಳ ಹೊರತು ಯಾರೂ ಇಲ್ಲ. ರುಕ್ಮಿಣಿ ಮಾದೇಗೌಡ ಬಂದದ್ದು 2021ರ ಫೆಬ್ರುವರಿಯಲ್ಲಿ. ಏಪ್ರಿಲ್ 10ರಿಂದ ಮೈಸೂರೂ ಸೇರಿದಂತೆ ರಾಜ್ಯದ ಕೆಲವು ನಗರಗಳಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಕರ್ಫ್ಯೂ. ಮೇ ತಿಂಗಳಲ್ಲಿ ಆಸ್ತಿ ವಿವರದ ಪ್ರಕರಣದಲ್ಲಿ ಹೈಕೋರ್ಟ್ ತೀರ್ಪಿನಿಂದ ಅವರ ಸದಸ್ಯತ್ವವೇ ಹೋಯಿತು. ಈ ಇಬ್ಬರ ಕಾಲದಲ್ಲಿ ಮೈಸೂರಿನ ರಾತ್ರಿ ಸತ್ತಿತ್ತು ಎಂದು ಯಾರಾದರೂ ಹೇಳಿದರೆ ಅಕ್ಷರಶಃ ನಿಜ. ಅದರಲ್ಲಿ ಆ ಇಬ್ಬರ ಪಾತ್ರವೇನೂ ಇಲ್ಲ ಎಂಬುದೂ ಅಷ್ಟೇ ನಿಜ.

ಹಾಗಾದರೆ ರಾತ್ರಿಯ ಗಡಿಯಾರ ಯಾರ ಕೈಯಲ್ಲಿದೆ? ಒಬ್ಬರ ಕೈಯಲ್ಲಿಲ್ಲ, ನಾಲ್ಕೈದು ಇಲಾಖೆಗಳ ಮೇಜಿನ ಮೇಲೆ ಹರಡಿಕೊಂಡಿದೆ. ಹೋಟೆಲು, ಬಾರು, ಮನರಂಜನೆಯ ಜಾಗಗಳ ಮೇಲೆ ಹಿಡಿತವಿರುವುದು ಪೊಲೀಸರಿಗೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 31ನೇ ಕಲಂ ಕಮಿಷನರ್‌ಗೆ ಅಂಥ ಆದೇಶ ಹೊರಡಿಸುವ ಅಧಿಕಾರ ಕೊಟ್ಟಿದೆ. ಬೆಂಗಳೂರಿನ ಲೈವ್ ಬ್ಯಾಂಡ್‌ಗಳಿಗೆ ಲಗಾಮು ಹಾಕಿದ 2005ರ ಆದೇಶ ಬಂದದ್ದು ಇದೇ ಕಲಮಿನಿಂದ. ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಬೆಂಗಳೂರಿನ ರಾತ್ರಿಯ ಬಗ್ಗೆ ಇಪ್ಪತ್ತು ವರ್ಷದಿಂದ ನಡೆದಿರುವ ಜಗಳದಲ್ಲಿ ಪೊಲೀಸ್ ಕಮಿಷನರ್‌ಗಳ ಹೆಸರು ಜನರಿಗೆ ನೆನಪಿದೆ, ಮೇಯರ್‌ಗಳದ್ದು ನೆನಪಿಲ್ಲ. ಮದ್ಯದಂಗಡಿಗೆ ಅಬಕಾರಿ ಇಲಾಖೆ: ಸಿಎಲ್-2, ಸಿಎಲ್-7, ಸಿಎಲ್-9 ಎಂದು ಒಂದೊಂದು ಪರವಾನಗಿಗೆ ಒಂದೊಂದು ಹೊತ್ತು. ಧ್ವನಿವರ್ಧಕಕ್ಕೆ ಕೇಂದ್ರ ಸರ್ಕಾರದ 2000ದ ನಿಯಮ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ನಿಷೇಧ, ವರ್ಷದಲ್ಲಿ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ಗಣೇಶನ ಹಬ್ಬದ ಕಚೇರಿ ತನಿಯಾವರ್ತನದ ಹೊತ್ತಿಗೆ ಸಂಘಟಕರು ಕೈಗಡಿಯಾರ ನೋಡಿಕೊಳ್ಳುವುದು ಈ ನಿಯಮದಿಂದಾಗಿ.

ಅಂಗಡಿಗಳ ವೇಳೆ ಕಾರ್ಮಿಕ ಇಲಾಖೆಗೆ ಸೇರಿದ್ದು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. 2021ರ ಜನವರಿಯಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿ, ವಾಣಿಜ್ಯ ಸಂಸ್ಥೆಗಳು ದಿನದ 24 ಗಂಟೆ, ವರ್ಷದ 365 ದಿನ ತೆರೆದಿರಬಹುದು. ಕೇಳಲು ಭಾರೀ ಉದಾರ. ಆದರೆ ದೇವರಾಜ ಮೊಹಲ್ಲಾದಲ್ಲಿ ರಾತ್ರಿ ಎರಡಕ್ಕೆ ತೆರೆದಿಡುವ ಆಸೆ ಯಾರಿಗಿದೆ? ಹತ್ತು ನೌಕರರ ಬಟ್ಟೆ ಶೋರೂಂಗೆ ಖಂಡಿತ ಇಲ್ಲ. ನಡುರಾತ್ರಿ ಸೀರೆ ನೋಡಲು ಯಾರೂ ಬರುವುದಿಲ್ಲ. ಆಸೆಯಿರುವುದು ಗಂಡ ಹೆಂಡತಿ, ಒಬ್ಬ ಹುಡುಗ ಸೇರಿ ನಡೆಸುವ ಟೀ ಅಂಗಡಿಗೆ. ಆ ಮೂವರು ಈ ಅಧಿಸೂಚನೆಯ ಲೆಕ್ಕಕ್ಕೇ ಬರುವುದಿಲ್ಲ. ಯಾರಿಗೆ ಬೇಕೋ ಅವರನ್ನು ಬಿಟ್ಟು, ಯಾರಿಗೆ ಬೇಡವೋ ಅವರಿಗೆ ಅವಕಾಶ ಕೊಟ್ಟ ಆದೇಶಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ. 2024ರ ಫೆಬ್ರುವರಿಯ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಬೆಂಗಳೂರು ಹಾಗೂ ಇತರ ಹತ್ತು ಮಹಾನಗರ ಪಾಲಿಕೆಗಳ ವ್ಯಾಪ್ತಿಯಲ್ಲಿ ವ್ಯಾಪಾರದ ವೇಳೆಯನ್ನು ರಾತ್ರಿ ಒಂದರವರೆಗೆ ವಿಸ್ತರಿಸುವುದಾಗಿ ಪ್ರಕಟಿಸಿದರು. ಸಿದ್ದರಾಮಯ್ಯ ಮೈಸೂರಿನವರೇ, ಆ ಹತ್ತರಲ್ಲಿ ಮೈಸೂರೂ ಇದೆ. ಅಷ್ಟರಲ್ಲಿ ಮೈಸೂರಿಗೆ ಮೇಯರೇ ಇರಲಿಲ್ಲ. 2023ರ ನವೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದು, ಪ್ರಾದೇಶಿಕ ಆಯುಕ್ತರು ಆಡಳಿತಾಧಿಕಾರಿಯಾಗಿದ್ದರು.

ಮೇಯರ್‌ನ ಹೆಸರಿನಲ್ಲಿ ರಾತ್ರಿಯ ಇತಿಹಾಸ ಬರೆಯುವ ಅಭ್ಯಾಸ ನಮಗೆ ಹೊರಗಿನಿಂದ ಬಂದದ್ದಿರಬೇಕು. ನ್ಯೂಯಾರ್ಕ್‌ನಲ್ಲಿ ಆ ವಾದಕ್ಕೆ ಅರ್ಥವಿದೆ. ಅಲ್ಲಿ 1926ರಷ್ಟು ಹಳೆಯ ಕ್ಯಾಬರೆ ಕಾನೂನೊಂದಿತ್ತು; ಪರವಾನಗಿ ಇಲ್ಲದ ಜಾಗದಲ್ಲಿ ಜನ ಸೇರಿ ಕುಣಿಯುವಂತಿಲ್ಲ. ಧೂಳು ಹಿಡಿದು ಕೂತಿದ್ದ ಅದನ್ನು 1994ರಿಂದ 2001ರವರೆಗೆ ಮೇಯರ್ ಆಗಿದ್ದ ರೂಡಿ ಜೂಲಿಯಾನಿ ಮತ್ತೆ ಕೈಗೆತ್ತಿಕೊಂಡು ಕ್ಲಬ್ಬುಗಳ ಮೇಲೆ ಬೀಸಿದರು. ಊರು ಸುರಕ್ಷಿತವಾಯಿತು ಎಂದು ಒಂದು ಪಂಗಡ, ಊರಿನ ಜೀವವನ್ನೇ ತೆಗೆದರು ಎಂದು ಇನ್ನೊಂದು ಪಂಗಡ ಈಗಲೂ ಕಿತ್ತಾಡುತ್ತವೆ. ಆ ಕಾನೂನು ರದ್ದಾದದ್ದು 2017ರಲ್ಲಿ, ಬಿಲ್ ಡಿ ಬ್ಲಾಸಿಯೊ ಮೇಯರ್ ಆಗಿದ್ದಾಗ. ಅದೇ ವರ್ಷ ರಾತ್ರಿ ಬದುಕಿಗೆಂದೇ ಒಂದು ಕಚೇರಿ ಮಾಡುವ ನಿರ್ಧಾರವೂ ಆಯಿತು. ಅಲ್ಲಿ ಪೊಲೀಸ್ ಕಮಿಷನರ್‌ನನ್ನು ನೇಮಿಸುವವರು ಮೇಯರ್. ಮೇಯರ್‌ನನ್ನು ಆರಿಸುವವರು ಜನ, ನಾಲ್ಕು ವರ್ಷಕ್ಕೆ. ಹೊಗಳಿಕೆಯೋ ಬೈಗುಳವೋ, ಅದು ಮುಟ್ಟಬೇಕಾದವರಿಗೇ ಮುಟ್ಟುತ್ತದೆ. ನಮ್ಮ ಮೇಯರ್‌ಗೆ ದೇವರಾಜ ಠಾಣೆಯ ಇನ್‌ಸ್ಪೆಕ್ಟರನ್ನು ವರ್ಗಾವಣೆ ಮಾಡಿಸುವ ಅಧಿಕಾರವೂ ಇಲ್ಲ. ಪ್ರಭಾವ ಬೇರೆ, ಅಧಿಕಾರ ಬೇರೆ.

ಹಾಗೆ ನೋಡಿದರೆ ಮೊಹಲ್ಲಾದ ರಾತ್ರಿಯನ್ನು ಕಸಿದುಕೊಂಡದ್ದು ಆದೇಶಕ್ಕಿಂತ ಹೆಚ್ಚಾಗಿ ಸೆಕೆಂಡ್ ಶೋ ನಿಂತದ್ದು. ಹಳಬರು ನೆನಪಿಸಿಕೊಳ್ಳುವ "ಹನ್ನೊಂದರ ಜನಸಂದಣಿ" ಎಲ್ಲಿಂದ ಬರುತ್ತಿತ್ತು ಎಂದು ಕೇಳಿ ನೋಡಿ. ಒಲಿಂಪಿಯಾ, ಪ್ರಭಾ, ರಾಜ್‌ಕಮಲ್, ಶಾಂತಲಾ, ಲಕ್ಷ್ಮಿ: ಒಂದು ಸುತ್ತು ನಡೆದರೆ ಮುಗಿಯುವಷ್ಟು ದೂರದಲ್ಲಿ ಸಾಲು ಸಾಲು ಟಾಕೀಸುಗಳು. ಫಸ್ಟ್ ಶೋ ಬಿಟ್ಟ ಜನ ಊಟಕ್ಕೆ ಹೋಟೆಲಿಗೆ, ಸೆಕೆಂಡ್ ಶೋಗೆ ಬರುವವರು ಅದಕ್ಕೆ ಮುಂಚೆ ತಿಂಡಿಗೆ. ಶೋ ಬಿಟ್ಟಾಗ ಬೀಡಾ ಅಂಗಡಿ, ಆಟೋ, ಸೈಕಲ್ ಸ್ಟ್ಯಾಂಡು. ಒಂದು ಸಾವಿರ ಜನ ಒಂದೇ ಹೊತ್ತಿಗೆ ಬೀದಿಗೆ ಇಳಿದರೆ ಯಾವ ಭಯವೂ ಹತ್ತಿರ ಸುಳಿಯುವುದಿಲ್ಲ, ಹೆಂಗಸರೂ ಮಕ್ಕಳೂ ನಡೆದೇ ಮನೆಗೆ ಹೋಗುತ್ತಿದ್ದರು. ಶಾಂತಲಾ ಕೋವಿಡ್ ವರ್ಷದಲ್ಲಿ ಬಾಗಿಲು ಹಾಕಿತು, ಲಕ್ಷ್ಮಿಯೂ ಅದೇ ದಾರಿ ಹಿಡಿಯಿತು. ಸಿನಿಮಾ ಈಗ ಮಾಲ್‌ಗಳಲ್ಲಿದೆ. ಅಲ್ಲಿ ಶೋ ಬಿಟ್ಟವರು ಲಿಫ್ಟಿನಲ್ಲಿ ಇಳಿದು, ನೆಲಮಾಳಿಗೆಯಲ್ಲಿ ಕಾರು ಹತ್ತಿ, ಸೀದಾ ಮನೆ ಸೇರುತ್ತಾರೆ. ಒಂದು ಹೆಜ್ಜೆಯೂ ಬೀದಿಯ ಮೇಲೆ ಬೀಳುವುದಿಲ್ಲ. ಬೀಡಾ ಅಂಗಡಿಯವನು ಹನ್ನೆರಡರವರೆಗೆ ಯಾರಿಗೆಂದು ಕಾಯಬೇಕು?

ಇಷ್ಟು ಹೇಳಿದ ಮೇಲೆ ಮಾಜಿ ಮೇಯರ್‌ಗಳೆಲ್ಲ ನಿಟ್ಟುಸಿರು ಬಿಟ್ಟಾರು. ಅವರನ್ನು ಅಷ್ಟು ಸುಲಭವಾಗಿ ಬಿಡುವ ಇಷ್ಟ ನನಗಿಲ್ಲ. ರಾತ್ರಿಯ ಹೊತ್ತನ್ನು ಪಾಲಿಕೆ ನಿರ್ಧರಿಸುವುದಿಲ್ಲ, ಸರಿ. ರಾತ್ರಿಯ ನೆಲವನ್ನು ನಿರ್ಧರಿಸುವುದು ಪಾಲಿಕೆಯೇ: ಬೀದಿದೀಪ, ಫುಟ್‌ಪಾತು, ಶೌಚಾಲಯ, ಕಸ, ಉದ್ದಿಮೆ ಪರವಾನಗಿ, ತಳ್ಳುಗಾಡಿಯ ಜಾಗ. ಇವು ಸರಿಯಿದ್ದರೆ ಹತ್ತೂವರೆಗೂ ಊರು ಊರಿನಂತಿರುತ್ತದೆ. ಇವಿಲ್ಲದಿದ್ದರೆ ರಾತ್ರಿ ಒಂದರವರೆಗೆ ಅನುಮತಿ ಕೊಟ್ಟರೂ ಕುಡಿಯುವವರು ಮಾತ್ರ ಹೊರಗಿರುತ್ತಾರೆ.

ದೊಡ್ಡಾಸ್ಪತ್ರೆಯ ಮುಂದೆ ರಾತ್ರಿ ಒಂದು ಗಂಟೆಗೆ ನಿಂತು ನೋಡಿ. ಕೆ.ಆರ್. ಆಸ್ಪತ್ರೆ ಎಂದು ಬೋರ್ಡಿನಲ್ಲಿ ಬರೆದಿದ್ದರೂ ಜನರ ಬಾಯಲ್ಲಿ ಅದು ದೊಡ್ಡಾಸ್ಪತ್ರೆಯೇ. ಪಕ್ಕದಲ್ಲೇ ಹೆರಿಗೆಗೆ, ಮಕ್ಕಳಿಗೆ ಚೆಲುವಾಂಬ. ಎಚ್.ಡಿ. ಕೋಟೆಯಿಂದ, ಗುಂಡ್ಲುಪೇಟೆಯಿಂದ, ಕೊಳ್ಳೇಗಾಲದ ಕಡೆಯಿಂದ ರೋಗಿಯ ಜೊತೆ ಬಂದವರು ಗೋಡೆಯ ಪಕ್ಕ ಚಾಪೆ ಹಾಸಿಕೊಂಡಿರುತ್ತಾರೆ. ಬಾಣಂತಿಯ ತಾಯಿ ಪ್ಲಾಸ್ಕು ಹಿಡಿದು ಬಿಸಿನೀರಿಗೆ ಹೊರಡುತ್ತಾಳೆ, ಗೇಟಿನ ತನಕ ಬಂದು, ಕತ್ತಲೆ ನೋಡಿ, ಯಾರಾದರೂ ಜೊತೆಗೆ ಸಿಗುತ್ತಾರೋ ಎಂದು ನಿಲ್ಲುತ್ತಾಳೆ. ಸೈಕಲ್ ಕ್ಯಾರಿಯರಿಗೆ ಸ್ಟೀಲ್ ಕ್ಯಾನು ಕಟ್ಟಿಕೊಂಡ ಟೀ ಅಣ್ಣ ಒಂದು ಸುತ್ತು ಬರುತ್ತಾನೆ. ಅವನ ಹತ್ತಿರ ಟೀ, ಬನ್ನು, ಒಂದು ಪೊಟ್ಟಣ ಬಿಸ್ಕತ್ತು. ಪೊಲೀಸರ ಗರುಡ ಜೀಪಿನ ದೀಪ ಕಂಡರೆ ಸೈಕಲ್ ತಳ್ಳಿಕೊಂಡು ಮುಂದಕ್ಕೆ ಹೋಗಿ, ಜೀಪು ದಾಟಿದ ಮೇಲೆ ಮತ್ತೆ ಬರುತ್ತಾನೆ. ಪೊಲೀಸರೂ ಒಮ್ಮೊಮ್ಮೆ ಅವನ ಹತ್ತಿರವೇ ಟೀ ಕುಡಿಯುತ್ತಾರೆ ಎಂಬುದು ಬೇರೆ ಮಾತು. ಈ ಊರಿನಲ್ಲಿ ವರ್ಷದ ಎಲ್ಲ ದಿನವೂ ನಿದ್ದೆಗೆಟ್ಟಿರುವ ಜಾಗ ಯಾವುದೆಂದರೆ ಇದೇ. ನೈಟ್ ಲೈಫ್ ಎಂದು ನಾವು ಚರ್ಚೆಗೆ ಕೂತಾಗ ಇದರ ನೆನಪು ಯಾರಿಗೂ ಆಗುವುದಿಲ್ಲ.

ಆ ಟೀ ಅಣ್ಣನಿಗೆ ಒಂದು ಜಾಗ ಗುರುತಿಸಿ, ಗುರುತಿನ ಚೀಟಿ ಕೊಟ್ಟು, ಮೇಲೊಂದು ದೀಪ ಹಾಕಿಸುವುದಕ್ಕೆ ಪೊಲೀಸ್ ಕಾಯ್ದೆ ತಿದ್ದಬೇಕಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯೇ ಸಾಕು. ಊರಿನ ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಹೊಂದಿಸಬೇಕು ಎನ್ನುತ್ತದೆ ಅದು. ಒಂದೇ ಜಾಗವನ್ನು ಹೊತ್ತಿನ ಲೆಕ್ಕದಲ್ಲಿ ಇಬ್ಬರಿಗೆ ಹಂಚುವುದಕ್ಕೂ ಅದರಲ್ಲಿ ಅವಕಾಶವಿದೆ: ಹಗಲು ಹಣ್ಣಿನವನಿಗೆ, ರಾತ್ರಿ ಇಡ್ಲಿಯವಳಿಗೆ. ಇದನ್ನೆಲ್ಲ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟಾದರೂ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಅಧ್ಯಕ್ಷತೆ ಮಾತ್ರ ಮತ್ತೆ ಪಾಲಿಕೆ ಆಯುಕ್ತರದ್ದು, ಮೇಯರದ್ದಲ್ಲ. ಆದರೂ ಪಾಲಿಕೆಯ ಸಾಮಾನ್ಯ ಸಭೆಯಲ್ಲಿ ಮೇಯರ್ ಈ ವಿಷಯ ತೆಗೆದು, ಆಯುಕ್ತರನ್ನು ನಿಲ್ಲಿಸಿ ಲೆಕ್ಕ ಕೇಳುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಪಾಲಿಕೆಗೇ ಸೇರಿದ ಆಸ್ತಿಯ ಕತೆ ಇನ್ನೂ ಬೇಸರದ್ದು. ಮೊಹಲ್ಲಾದ ನಡುವೆ ದೇವರಾಜ ಮಾರುಕಟ್ಟೆ, ಅದರ ಎದುರು 1886ರ ಚಿಕ್ಕ ಗಡಿಯಾರ, ಆಚೆ ಕಡೆ ಲ್ಯಾನ್ಸ್‌ಡೌನ್ ಕಟ್ಟಡ. ಮಾರುಕಟ್ಟೆಯ ಅಂಗಡಿಗಳೆಲ್ಲ ಪಾಲಿಕೆಯ ಬಾಡಿಗೆದಾರರು. ಇಲ್ಲಿ ಮನೆಯ ಯಜಮಾನ ಪಾಲಿಕೆಯೇ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಉತ್ತರ ದ್ವಾರದ ಕಡೆಯ ಭಾಗ ಬಿತ್ತು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂದು ಸಮಿತಿಗಳಾದವು, ವರದಿಗಳಾದವು, ಕೋರ್ಟು ಕಟ್ಟೆ ಏರಿತು. ಮೇಯರ್ ಮೇಲೆ ಮೇಯರ್ ಬಂದರು, ಹೋದರು. ನಾನು ದುರಸ್ತಿಯ ಪರ; ಅದನ್ನು ಬೇರೆ ಕಡೆ ಬರೆದಿದ್ದೇನೆ. ಇಲ್ಲಿನ ಮಾತು ಇಷ್ಟೇ: ಇಷ್ಟು ವರ್ಷದ ವಾದದಲ್ಲಿ ಆ ಜಾಗ ರಾತ್ರಿ ಒಂಬತ್ತರ ಮೇಲೆ ಏನಾಗಬೇಕು ಎಂಬ ಪ್ರಶ್ನೆ ನನ್ನ ಕಿವಿಗೆ ಬಿದ್ದದ್ದೇ ಇಲ್ಲ. ಗುರು ಸ್ವೀಟ್ಸ್‌ನ ಮುಂದೆ ಸಂಜೆಯಿಡೀ ಮೈಸೂರು ಪಾಕಿಗೆ ನಿಲ್ಲುವ ಸಾಲು ಕರಗಿದ ಮೇಲೆ ಆ ಇಡೀ ಉದ್ದ ಕತ್ತಲೆಯ ಗೋಡೆ. ಬೆಳಗಿನ ಜಾವ ಜೀವರಾಯನ ಕಟ್ಟೆಯ ಕಡೆ ಹೂವಿನ ಸಗಟು ವ್ಯಾಪಾರಕ್ಕೆ ಮೂಟೆಗಳು ಬರತೊಡಗುವವರೆಗೆ ಮೊಹಲ್ಲಾದಲ್ಲಿ ಮಿಸುಕಾಟವಿರುವುದಿಲ್ಲ.

ರಾತ್ರಿ ಅಂಗಡಿ ತೆರೆದರೆ ಊರು ಗಲೀಜಾಗುತ್ತದೆ ಎಂಬುದು ಇದಕ್ಕೆ ಸಿಗುವ ಖಾಯಂ ಉತ್ತರ. ಮೈಸೂರಿಗರಿಗೆ ಸ್ವಚ್ಛತೆ ಎಂದರೆ ಒಂದು ಹೆಮ್ಮೆ. 2015ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲು ಬಂದೆವು, 2016ರ ಸ್ವಚ್ಛ ಸರ್ವೇಕ್ಷಣೆಯಲ್ಲೂ ಮೊದಲು ಬಂದೆವು. ಎರಡನೆಯ ಸಲ ಮೇಯರ್ ಆಗಿದ್ದವರು ಬಿ.ಎಲ್. ಭೈರಪ್ಪ. ಆ ಪಟ್ಟವನ್ನು ಹೊತ್ತ ಬೆನ್ನು ಪೌರಕಾರ್ಮಿಕರದ್ದು, ಫೋಟೋದಲ್ಲಿದ್ದವರು ಬೇರೆಯವರು. ಇರಲಿ. 2017ರಲ್ಲಿ ಆ ಪಟ್ಟವನ್ನು ನಮ್ಮಿಂದ ಕಿತ್ತುಕೊಂಡು ಇಂದೋರ್ ಮತ್ತೆ ಮತ್ತೆ ಮೊದಲ ಸ್ಥಾನದಲ್ಲೇ ಕೂತಿತು. ಇಂದೋರಿನ ಸರಾಫಾ ಬಜಾರಿನ ಹೆಸರು ಕೇಳಿರುತ್ತೀರಿ. ಹಗಲೆಲ್ಲ ಚಿನ್ನ ಬೆಳ್ಳಿಯ ಅಂಗಡಿಗಳು. ರಾತ್ರಿ ಅವು ಷಟರ್ ಎಳೆದ ಮೇಲೆ ಅದೇ ಅಂಗಡಿಗಳ ಕಟ್ಟೆಯ ಮುಂದೆ ತಿಂಡಿ ಗಾಡಿಗಳು ಬಂದು ನಿಂತು, ನಡುರಾತ್ರಿ ದಾಟುವವರೆಗೂ ಜಿಲೇಬಿ, ಭುಟ್ಟೆ ಕಾ ಕೀಸ್, ದಹಿ ವಡೆ. ಜನ ಸಂಸಾರ ಸಮೇತ ಬರುತ್ತಾರೆ. ತಿಂಡಿ ಬೀದಿ ಮಲಗಿದ ಮೇಲೆ ಕಸ ಗುಡಿಸಲು ಜನ ಬರುತ್ತಾರೆ, ಬೆಳಗ್ಗೆ ಚಿನ್ನದಂಗಡಿ ತೆರೆಯುವಾಗ ಬೀದಿ ಶುದ್ಧ. ದೇಶದಲ್ಲೇ ಅತಿ ಸ್ವಚ್ಛ ಎನಿಸಿಕೊಂಡ ಊರು ನಡುರಾತ್ರಿಯವರೆಗೂ ತಿಂಡಿ ತಿನ್ನುವ ಊರೂ ಹೌದು. ನಮ್ಮ ಖಾಯಂ ಉತ್ತರಕ್ಕೆ ಇದಕ್ಕಿಂತ ನೇರವಾದ ಮರುಮಾತು ಬೇಕೆ?

ಇಂದೋರಿನಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಅಲ್ಲಿ 2022ರಲ್ಲಿ ಬಿಆರ್‌ಟಿಎಸ್ ರಸ್ತೆಯ ಇಕ್ಕೆಲದ ಅಂಗಡಿಗಳಿಗೆ ಇಡೀ ರಾತ್ರಿ ತೆರೆದಿರಲು ಅನುಮತಿ ಕೊಟ್ಟರು. ಕುಡುಕರ ಹಾವಳಿ, ಗಲಾಟೆಯ ದೂರು ಹೆಚ್ಚಿ 2024ರಲ್ಲಿ ವಾಪಸು ಪಡೆದರು. ಸರಾಫಾ ಮಾತ್ರ ಉಳಿಯಿತು. ಅದನ್ನು ಯಾವ ಅಧಿಸೂಚನೆಯೂ ಹುಟ್ಟಿಸಿದ್ದಲ್ಲ. ಬಜಾರಿಗೆ ಒಗ್ಗಿದ ಪದ್ಧತಿ ಅದು, ಪಾಲಿಕೆ ಅದರ ಹಿಂದೆ ಕಸಬರಿಕೆ ಹಿಡಿದು ನಿಂತಿತಷ್ಟೆ. ಇನ್ನೊಂದು ವ್ಯತ್ಯಾಸವನ್ನೂ ಹೇಳಬೇಕು. ಮಧ್ಯಪ್ರದೇಶದಲ್ಲಿ ಮೇಯರನ್ನು ಜನರೇ ಆರಿಸುತ್ತಾರೆ, ಐದು ವರ್ಷಕ್ಕೆ. ಇಂದೋರ್ ಸಾಲು ಸಾಲಾಗಿ ಮೊದಲು ಬಂದ ಆರಂಭದ ವರ್ಷಗಳಲ್ಲಿ ಅಲ್ಲಿ ಇದ್ದದ್ದು ಒಬ್ಬರೇ ಮೇಯರ್, ಮಾಲಿನಿ ಗೌಡ್. ಅದೇ ಅವಧಿಯಲ್ಲಿ ಮೈಸೂರು ಎಷ್ಟು ಜನರಿಗೆ ಗೌನು ತೊಡಿಸಿತು ಎಂದು ಲೆಕ್ಕ ಹಾಕಿಕೊಳ್ಳಿ.

ರಾತ್ರಿಯ ಚರ್ಚೆಯಲ್ಲಿ ಹೆಂಗಸರ ಮಾತು ಬಂದಾಗ ನಮ್ಮ ದನಿ ಬದಲಾಗಿಬಿಡುತ್ತದೆ. 2021ರ ಆಗಸ್ಟ್ 25ರಂದು ಸುನಂದಾ ಪಾಲನೇತ್ರ ಮೇಯರ್ ಆದರು. ಬಿಜೆಪಿಗೆ ಮೈಸೂರಿನಲ್ಲಿ ಆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಅದರ ಹಿಂದಿನ ಸಂಜೆಯಷ್ಟೇ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದು ಊರೆಲ್ಲ ಬೆಚ್ಚಿತ್ತು. ಅದಾದ ಕೆಲವೇ ದಿನದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸುತ್ತೋಲೆ ಹೊರಡಿಸಿತು: ಸಂಜೆ ಆರೂವರೆಯ ಮೇಲೆ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಒಂಟಿಯಾಗಿ ಓಡಾಡುವಂತಿಲ್ಲ, ಕುಕ್ಕರಹಳ್ಳಿ ಕೆರೆಯ ಕಡೆ ಹೋಗುವಂತಿಲ್ಲ. ಟೀಕೆ ಬಂದ ಮೇಲೆ ಅದು ಹಿಂದಕ್ಕೆ ಹೋಯಿತು. ಅಪರಾಧ ಮಾಡಿದವರ ಸಂಜೆಯನ್ನು ಯಾರೂ ಮೊಟಕು ಮಾಡಲಿಲ್ಲ, ಓದಲು ಬಂದವರ ಸಂಜೆಯನ್ನು ಮೊಟಕು ಮಾಡಲು ಹೊರಟರು. ಆ ದಿನಗಳಲ್ಲಿ ಪಾಲಿಕೆ ಮಾಡಬಹುದಾದ ಕೆಲಸ ಒಂದಿತ್ತು. ಸಂಜೆ ಆರೂವರೆಯ ಮೇಲೆ ಕತ್ತಲಾಗುವ ಬೀದಿಗಳ ಪಟ್ಟಿ ಮಾಡಿ ಬೆಳಕು ಹಾಕಿಸುವುದು, ಹೆಂಗಸರ ಶೌಚಾಲಯ ರಾತ್ರಿಯೂ ತೆರೆದಿರುವಂತೆ ನೋಡಿಕೊಳ್ಳುವುದು. ಒಂದು ವರ್ಷದ ಮೇಯರ್ ಒಂದು ವರ್ಷದಲ್ಲೇ ಮುಗಿಸಬಹುದಾದ ಕೆಲಸ ಅದು; ಮೀಸಲಾತಿ ಪಟ್ಟಿಗೂ ಹೈಕಮಾಂಡಿಗೂ ಕಾಯಬೇಕಿರಲಿಲ್ಲ.

ನಮ್ಮ ಊರಿಗೆ ರಾತ್ರಿ ಗೊತ್ತಿಲ್ಲ, ಇದು ಪಿಂಚಣಿದಾರರ ಊರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಶಿವನಸಮುದ್ರದ ವಿದ್ಯುತ್ತು ಅರಮನೆಗೆ ಬಂದದ್ದು 1908ರಲ್ಲಿ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಬೃಂದಾವನದ ಕಾರಂಜಿಗೆ ದೀಪ ಹಾಕಿಸಿ, ಕತ್ತಲಾದ ಮೇಲೆ ನೋಡಬೇಕಾದ ತೋಟವೊಂದನ್ನೇ ಕೊಟ್ಟರು. ಮಿರ್ಜಾ ಮೇಯರ್ ಅಲ್ಲ. 1926ರಿಂದ 1941ರವರೆಗೆ ಕುರ್ಚಿಯಲ್ಲಿದ್ದರು, ಕುದುರೆಯ ಮೇಲೆ ಬೀದಿ ಸುತ್ತಿ ಹುಳುಕು ಹುಡುಕುತ್ತಿದ್ದರು. ಅವರ ಹೆಸರಿಗೆ ಲೆಕ್ಕ ಬರೆಯಬಹುದಾದದ್ದು ಆ ಹದಿನೈದು ವರ್ಷದಿಂದಾಗಿ. ಇವತ್ತಿಗೂ ದಸರೆಯ ಹತ್ತು ದಿನ ವಿದ್ಯುತ್ ಕಂಪನಿ ಸೆಸ್ಕ್‌ನವರು ರಸ್ತೆ ರಸ್ತೆಗೆ ದೀಪ ಹಾಕುತ್ತಾರೆ. ಆಹಾರ ಮೇಳ, ಯುವ ದಸರಾ, ಬನ್ನಿಮಂಟಪದ ಪಂಜಿನ ಕವಾಯತು. ಸಯ್ಯಾಜಿರಾವ್ ರಸ್ತೆಯಲ್ಲಿ ರಾತ್ರಿ ಹನ್ನೊಂದಕ್ಕೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಪ್ಪಂದಿರು ದೀಪ ತೋರಿಸುತ್ತಿರುತ್ತಾರೆ, ಅಜ್ಜಿಯರು ಚುರುಮುರಿ ತಿನ್ನುತ್ತಾ ನಡೆಯುತ್ತಾರೆ. ಕೆಲವು ದಸರೆಗಳಲ್ಲಿ ಅರಸು ರಸ್ತೆಗೆ ವಾಹನ ಬಿಡದೆ ಓಪನ್ ಸ್ಟ್ರೀಟ್ ಫೆಸ್ಟಿವಲ್ ಮಾಡಿದಾಗ ಕಾಲಿಡಲು ಜಾಗವಿರಲಿಲ್ಲ. ಪೊಲೀಸರು, ಪೌರಕಾರ್ಮಿಕರು, ಸಿಟಿ ಬಸ್ಸು, ತಾತ್ಕಾಲಿಕ ಶೌಚಾಲಯ ಎಲ್ಲವೂ ಆ ಹತ್ತು ದಿನ ಹೇಗೋ ಕೂಡಿಬರುತ್ತದೆ. ಮಾಡಲು ಬಾರದು ಎಂಬ ನೆಪ ಅಲ್ಲಿಗೆ ಬಿದ್ದುಹೋಗುತ್ತದೆ.

ಇನ್ನುಳಿದ 355 ದಿನಕ್ಕೆ ಅಷ್ಟು ಬೆಳಕು ಬೇಡ. ದೊಡ್ಡಾಸ್ಪತ್ರೆಯಿಂದ ಸಿಟಿ ಬಸ್ ನಿಲ್ದಾಣದವರೆಗೆ ಒಂದು ಬೆಳಕಿನ ದಾರಿ, ಅದರುದ್ದಕ್ಕೂ ಗುರುತಿಸಿಕೊಟ್ಟ ಹತ್ತಿಪ್ಪತ್ತು ಗಾಡಿ ಜಾಗ, ಇಡೀ ರಾತ್ರಿ ತೆರೆದಿರುವ ಒಂದು ಶೌಚಾಲಯ, ಹತ್ತು ನೌಕರರ ನಿಯಮದಿಂದ ಸಣ್ಣ ಹೋಟೆಲುಗಳಿಗೆ ವಿನಾಯಿತಿ ಕೊಡಿ ಎಂದು ಸರ್ಕಾರಕ್ಕೆ ಪಾಲಿಕೆಯ ಒಂದು ನಿರ್ಣಯ. ಮೊದಲ ಮೂರು ಪಾಲಿಕೆಯ ಖರ್ಚಿನಲ್ಲೇ ಆಗುವಂಥವು, ನಾಲ್ಕನೆಯದಕ್ಕೆ ಬೇಕಾದದ್ದು ಒಂದು ಹಾಳೆ. ಮುಂದಿನ ಸಲ ಯಾವ ಮಾಜಿ ಮೇಯರ್‌ನ ಹೆಸರು ಕಾಫಿಯ ಜೊತೆ ಮಾತಿಗೆ ಬಂದರೂ, ಇವುಗಳಲ್ಲಿ ಯಾವುದನ್ನು ಅವರು ಸಭೆಯ ಅಜೆಂಡಾಕ್ಕೆ ತಂದಿದ್ದರು ಎಂದು ಕೇಳಬಹುದು. ಪಾಲಿಕೆಯ ನಡಾವಳಿ ಪುಸ್ತಕಗಳು ಸಯ್ಯಾಜಿರಾವ್ ರಸ್ತೆಯ ಕಚೇರಿಯಲ್ಲೇ ಇವೆ, ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ.